ಮಕ್ಕಳೂ ತರುಣರೂ ಒಟ್ಟಿಗೆ ಹಾಡಿದಾಗ

ಬೆಂಗಳೂರಿನ ಪೂರ್ವಭಾಗವನ್ನು ಹಳಬರು ಇಂದಿಗೂ 'ದಂಡು' ಎಂದೇ ಕರೆಯುವುದುಂಟು. 1809ರಲ್ಲಿ ಬ್ರಿಟಿಷರ ಸೈನ್ಯವು ಶ್ರೀರಂಗಪಟ್ಟಣವನ್ನು ತೊರೆದು ಹಲಸೂರಿನ ಬಳಿ ಬೀಡುಬಿಟ್ಟುದರಿಂದ ಬಂದ ಹೆಸರಿದು. ದಂಡಿನ ಬೆನ್ನಲ್ಲಿಯೇ ಚರ್ಚುಗಳೂ ಶಾಲೆಗಳೂ ಬಂದುವು. ಬಿಷಪ್ ಕಾಟನ್ ಶಾಲೆ 1865ರಲ್ಲಿಯೂ ಬಾಲ್ಡ್‌ವಿನ್ ಶಾಲೆ 1880ರಲ್ಲಿಯೂ ಆರಂಭವಾದುವು. ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಚರ್ಚು 1866ರಲ್ಲಿ ತೆರೆಯಿತು. ಶಿವಾಜಿನಗರದ ಸೇಂಟ್ ಮೇರಿ ಚರ್ಚಿನ ಈಗಿನ ಗಾಥಿಕ್ ಕಟ್ಟಡ 1882ರಲ್ಲಿ ಪೂರ್ಣಗೊಂಡಿತು. ಇವುಗಳೊಡನೆ ಈ ನೆಲದಲ್ಲಿ ಬೇರೂರಿದ ಕಲೆಗಳಲ್ಲಿ ಗಾಯನವೃಂದ, ಎಂದರೆ ಕಾಯರ್, ಒಂದು. ಡಿಸೆಂಬರ್ ತಿಂಗಳು ಬಂದಿತೆಂದರೆ ಈ ಭಾಗದ ಚರ್ಚುಗಳಲ್ಲಿಯೂ ಶಾಲೆಗಳ ಸಭಾಂಗಣಗಳಲ್ಲಿಯೂ ಕ್ಯಾರಲ್ ಗೀತೆಗಳ ಸಂಜೆಗಳು ನಡೆಯುವುವು. ಅಂಥ ಸಂಜೆಗಳಲ್ಲಿ ಕಿರಿಯ ಮಕ್ಕಳೂ ಕಾಲೇಜಿನ ತರುಣ ತರುಣಿಯರೂ ಸಾಲುಸಾಲಾಗಿ ನಿಂತು ಒಂದೇ ಗೀತೆಯನ್ನು ಹಾಡುವುದನ್ನು ಕೇಳಬಹುದು.

ಎಂಟು ವರ್ಷದ ಬಾಲಕಿಯ ಕಂಠವೆಲ್ಲಿ, ಇಪ್ಪತ್ತು ವರ್ಷದ ತರುಣನ ಕಂಠವೆಲ್ಲಿ! ಇವೆರಡೂ ಕೂಡಿದಾಗ ಗದ್ದಲವಾಗದೆ ಗಾನವಾಗುವುದು ಹೇಗೆ? ಇವರ ನಡುವೆ ಮೂರನೆಯವನೊಬ್ಬನಿದ್ದಾನೆ: ಹದಿಮೂರು ಹದಿನಾಲ್ಕರ, ಈಗತಾನೆ ದನಿ ಒಡೆಯುತ್ತಿರುವ ಹುಡುಗ. ಅವನಿಗೆ ಈ ಸಾಲಿನಲ್ಲಿ ಎಡೆಯುಂಟೆ? ನಮ್ಮ ಶಾಲೆಗಳಲ್ಲಿ ಪ್ರಾರ್ಥನೆಯ ವೇಳೆ ಇಂಥ ಹುಡುಗನಿಗೆ, "ನೀನು ಸುಮ್ಮನೆ ಬಾಯಾಡಿಸು, ಸಾಕು" ಎಂಬ ಮಾತು ಎಷ್ಟೋ ಸಾರಿ ಬೀಳುವುದು. ಆ ಮಾತು ನ್ಯಾಯವೇ ಎಂಬುದನ್ನು ಶಬ್ದವಿಜ್ಞಾನದ ಮತ್ತು ಶರೀರವಿಜ್ಞಾನದ ಬೆಳಕಿನಲ್ಲಿ ನೋಡೋಣ.

ಮೊದಲು ಕಂಠದ ವಿಚಾರ. ನಮ್ಮ ಗಂಟಲಿನ ಧ್ವನಿಪೆಟ್ಟಿಗೆಯಲ್ಲಿ ಎರಡು ಧ್ವನಿತಂತುಗಳಿವೆ. ತಂತುಗಳೆಂದು ಹೆಸರಾದರೂ ಇವು ವೀಣೆಯ ತಂತಿಗಳಂತೆ ಇಲ್ಲ. ತುಟಿಗಳಂತೆ ಎದುರುಬದುರಾಗಿರುವ ಮೆತ್ತನೆಯ ಮಡಿಕೆಗಳು. ಶ್ವಾಸಕೋಶದಿಂದ ಬರುವ ಗಾಳಿ ಇವುಗಳ ನಡುವೆ ನುಗ್ಗಿದಾಗ ಇವು ತೆರೆದು ಮುಚ್ಚಿ ತೆರೆದು ಮುಚ್ಚಿ ಕಂಪಿಸುವುವು. ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತವೆಯೋ ಅದೇ ಆ ಸ್ವರದ ಕಂಪನಸಂಖ್ಯೆ. ವಯಸ್ಕ ಸ್ತ್ರೀಯರಲ್ಲಿ ಈ ತಂತುಗಳ ಉದ್ದ ಸುಮಾರು 12ರಿಂದ 17 ಮಿಲಿಮೀಟರು, ಪುರುಷರಲ್ಲಿ ಸುಮಾರು 17ರಿಂದ 25 ಮಿಲಿಮೀಟರು. ಮಕ್ಕಳಲ್ಲಿ ಇನ್ನೂ ಗಿಡ್ಡ. ಹುಡುಗ ಹುಡುಗಿ ಎಂಬ ಭೇದವೂ ಆಗ ಹೆಚ್ಚಿಲ್ಲ. ಆದ್ದರಿಂದಲೇ ಮಕ್ಕಳು ಮಾತನಾಡುವಾಗ ಕಂಪನಸಂಖ್ಯೆ 250ರಿಂದ 300ರವರೆಗೂ, ಸ್ತ್ರೀಯರಲ್ಲಿ 200ರ ಆಸುಪಾಸಿನಲ್ಲಿಯೂ, ಪುರುಷರಲ್ಲಿ 110ರಿಂದ 125ರ ಆಸುಪಾಸಿನಲ್ಲಿಯೂ ಇರುವುದು.

ಈ ಅಂಕೆಗಳಲ್ಲಿ ಒಂದು ಸ್ವಾರಸ್ಯವಿದೆ. ಮಗುವಿನ ದನಿಗೂ ತರುಣನ ದನಿಗೂ ಇರುವ ಅಂತರ ಹೆಚ್ಚುಕಡಿಮೆ ಒಂದು ಸ್ಥಾಯಿ. ತರುಣನು ಮಂದ್ರ ಷಡ್ಜವನ್ನು ಸೆಕೆಂಡಿಗೆ 130 ಕಂಪನಗಳಲ್ಲಿ ಹಾಡಿದನೆಂದು ಇಟ್ಟುಕೊಳ್ಳೋಣ. ಅವನ ಕಂಠದಿಂದ ಹೊರಡುವುದು ಆ ಒಂದು ಸ್ವರ ಮಾತ್ರವಲ್ಲ; ಅದರೊಡನೆ 260, 390, 520 ಹೀಗೆ ಇಮ್ಮಡಿ, ಮುಮ್ಮಡಿ, ನಾಲ್ಮಡಿ ಕಂಪನಗಳ ಮೇಲ್ಸ್ವರಗಳೂ ಹೊರಡುವುವು. ಬಾಲಕಿ ಮಧ್ಯ ಷಡ್ಜವನ್ನು 260 ಕಂಪನಗಳಲ್ಲಿ ಹಾಡಿದಳೆನ್ನಿ. ಅವಳ ಸ್ವರವೂ ಅದರ ಮೇಲ್ಸ್ವರಗಳೂ ತರುಣನ ಮೇಲ್ಸ್ವರಗಳ ಮೇಲೆಯೇ ಬಂದು ಕೂಡುವುವು. ಹೊಸ ಸ್ವರವೊಂದು ಅಡ್ಡಬಂದಂತಾಗದೆ, ಇದ್ದ ಸ್ವರವೇ ಬೆಳಗಿದಂತಾಗುವುದು. ತಂಬೂರಿಯ ಶ್ರುತಿಯಲ್ಲಿ ಷಡ್ಜ ಪಂಚಮಗಳು ಹೊಂದಿಕೊಳ್ಳುವುದೂ ಇದೇ ನಿಯಮದಿಂದ. ಆ ವಾದ್ಯದ ಬಾಗಿದ ಕುದುರೆಯೂ ಅದರ ಮೇಲಿನ ಜೀವಾಳವೂ ಮೇಲ್ಸ್ವರಗಳನ್ನು ಹೇಗೆ ಪುಷ್ಟಿಗೊಳಿಸುತ್ತವೆಂಬುದನ್ನು ಸರ್ ಸಿ. ವಿ. ರಾಮನ್ನರು 1921ರಲ್ಲಿಯೇ ವಿವೇಚಿಸಿದ್ದರು.

ಇನ್ನು ಕಂಠಗಳ ಸಂಖ್ಯೆ. ನೂರು ಮಂದಿ ಹಾಡಿದರೆ ಒಬ್ಬನ ನೂರರಷ್ಟು ಗಟ್ಟಿಯಾಗಿ ಕೇಳಿಸುವುದೆಂದು ನಾವು ಭಾವಿಸುವುದು ಸಹಜ. ಕಿವಿಯ ಲೆಕ್ಕವೇ ಬೇರೆ. ಶಬ್ದದ ತೀವ್ರತೆ ಹತ್ತರಷ್ಟಾದರೆ ಡೆಸಿಬೆಲ್ ಮಾಪಕದಲ್ಲಿ ಹತ್ತು ಅಂಶ ಏರುವುದು. ಒಬ್ಬನ ಹಾಡು 70 ಡೆಸಿಬೆಲ್ ಆದರೆ ಅಂಥವರು ಹತ್ತು ಮಂದಿಯ ಹಾಡು 80, ನೂರು ಮಂದಿಯದು 90. ಹತ್ತು ಡೆಸಿಬೆಲ್ ಏರಿದಾಗ ನಮಗೆ ಸುಮಾರು ಎರಡರಷ್ಟು ಗಟ್ಟಿಯಾದಂತೆ ತೋರುವುದು. ಆದ್ದರಿಂದ ನೂರು ಮಂದಿಯ ವೃಂದ ನಮ್ಮ ಕಿವಿಗೆ ಒಬ್ಬನ ನಾಲ್ಕರಷ್ಟು ಮಾತ್ರ ಗಟ್ಟಿ. ಬರಿಯ ಸದ್ದಿಗಾಗಿಯೇ ನೂರು ಮಕ್ಕಳನ್ನು ಕೂಡಿಸುವುದು ದಂಡದ ಕೆಲಸವೆಂದಾಯಿತು.

ಹಾಗಾದರೆ ವೃಂದಕ್ಕೆ ದೊರೆಯುವ ಲಾಭವೇನು? 440 ಕಂಪನಗಳ ಒಂದು ಸ್ವರವೂ 442 ಕಂಪನಗಳ ಇನ್ನೊಂದು ಸ್ವರವೂ ಒಟ್ಟಿಗೆ ಮೊಳಗಿದರೆ ಸದ್ದು ಸೆಕೆಂಡಿಗೆ ಎರಡು ಸಲ ಏರಿ ಇಳಿಯುವುದು. ಇದಕ್ಕೆ ವಿಸ್ಪಂದನವೆಂದು ಹೆಸರು. ತಂಬೂರಿಯ ತಂತಿಗಳನ್ನು ಶ್ರುತಿಗೂಡಿಸುವಾಗ ವಾಚಕರು ಈ ಅಲೆದಾಟವನ್ನು ಕೇಳಿರಬಹುದು. ಇಬ್ಬರೇ ಹಾಡುವಾಗ ಇದು ಅಪಶ್ರುತಿಯಾಗಿ ಕಿವಿಗೆ ಚುಚ್ಚುವುದು. ಐವತ್ತು ಮಂದಿ ಹಾಡುವಾಗಲಾದರೋ ಪ್ರತಿಯೊಂದು ಜೋಡಿಯ ನಡುವೆಯೂ ಬೇರೆ ಬೇರೆ ವೇಗದ ವಿಸ್ಪಂದನಗಳುಂಟಾಗಿ ಯಾವುದೊಂದೂ ಎದ್ದು ಕಾಣದೆ ಒಂದರಲ್ಲೊಂದು ಕರಗಿಹೋಗುವುವು. ಅಲ್ಪಸ್ವಲ್ಪ ವ್ಯತ್ಯಾಸಗಳನ್ನೆಲ್ಲ ಕಿವಿ ಒಂದೇ ಸ್ವರವೆಂದು ಗ್ರಹಿಸುವುದು. ವೃಂದದ ದನಿಗೆ ರೇಷ್ಮೆಯಂಥ ಒಂದು ಮಿನುಗು ಬರುವುದು ಇದರಿಂದಲೇ. ವ್ಯತ್ಯಾಸ ಮಿತಿಮೀರಬಾರದು, ನಿಜ. ಆದರೆ ಅದು ಪೂರ್ತಿಯಾಗಿ ಇಲ್ಲವಾದರೆ ವೃಂದವು ವೃಂದದಂತೆಯೇ ಕೇಳಿಸದು. ಉಸಿರಿನ ಅನುಕೂಲವೂ ಉಂಟು. ಒಬ್ಬನು ಉಸಿರೆಳೆಯುವಾಗ ಪಕ್ಕದವನು ಸ್ವರವನ್ನು ಹಿಡಿದಿರಬಹುದು. ಎಳೆಯ ಮಗುವಿನ ಪುಟ್ಟ ಶ್ವಾಸಕೋಶಕ್ಕೆ ಎಟುಕದ ದೀರ್ಘಸ್ವರವೂ ಹೀಗೆ ಸರದಿಯ ಉಸಿರಿನಿಂದ ಮುರಿಯದೆ ಸಾಗುವುದು.

ಆದರೆ ಈ ಹೊಂದಾಣಿಕೆಗೆ ಒಂದು ನಿಬಂಧನೆಯಿದೆ: ಹಾಡುವವನಿಗೆ ತನ್ನ ದನಿ ಕೇಳಿಸುತ್ತಿರಬೇಕು. ಸುತ್ತಲೂ ಸದ್ದು ಹೆಚ್ಚಿದಾಗ ಮನುಷ್ಯನು ತನಗರಿವಿಲ್ಲದೆಯೇ ದನಿ ಏರಿಸುವನೆಂಬುದನ್ನು ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲಿ ವಿವರಿಸಿದನು. ಗಟ್ಟಿದನಿಯ ತರುಣರ ಪಕ್ಕದಲ್ಲಿ ನಿಂತ ಮಕ್ಕಳು ಹಾಡುವುದನ್ನು ಬಿಟ್ಟು ಅರಚತೊಡಗುವುದು ಇದರಿಂದ. ಸ್ಟಾಕ್‌ಹೋಮಿನ ಸ್ಟೆನ್ ಟೆರ್ನ್‌ಸ್ಟ್ರೋಮ್ ಎಂಬ ವಿಜ್ಞಾನಿ ಗಾಯಕರನ್ನು ಪರೀಕ್ಷಿಸಿದಾಗ, ತಮ್ಮ ದನಿಯು ಉಳಿದವರ ದನಿಗಿಂತ ಸರಾಸರಿ ಸುಮಾರು 6 ಡೆಸಿಬೆಲ್‌ಗಳಷ್ಟು ಮೇಲಾಗಿ ತಮಗೆ ಕೇಳಿಸುವುದನ್ನು ಅವರು ಬಯಸುವರೆಂದು ತಿಳಿದುಬಂದಿತು. ಒತ್ತೊತ್ತಾಗಿ ನಿಲ್ಲಿಸದೆ ನಡುವೆ ಕೊಂಚ ಎಡೆಬಿಟ್ಟು ನಿಲ್ಲಿಸಿದರೆ ಮಕ್ಕಳ ಗಂಟಲಿಗೂ ಕ್ಷೇಮ, ಹಾಡಿಗೂ ಕ್ಷೇಮ.

ಹೊರಟ ದನಿ ಮುಂದೆ ಏನಾಗುವುದೆಂಬುದು ಕಟ್ಟಡವನ್ನು ಅವಲಂಬಿಸಿದೆ. ಎತ್ತರದ ಚಾವಣಿಯೂ ಗಟ್ಟಿ ಗೋಡೆಗಳೂ ಉಳ್ಳ ಚರ್ಚುಗಳಲ್ಲಿ ಶಬ್ದವು ಮತ್ತೆ ಮತ್ತೆ ಪ್ರತಿಫಲಿಸಿ ಕೆಲಕಾಲ ಉಳಿಯುವುದು. ಇದೇ ಅನುರಣನ. ಇದರ ಗಣಿತವನ್ನು 1895ರಿಂದ ಶೋಧಿಸಿ ಕಂಡವನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಾಲೆಸ್ ಸೇಬಿನ್. ಕಟ್ಟಡದ ಗಾತ್ರವನ್ನು ಘನಮೀಟರುಗಳಲ್ಲಿ ಹಿಡಿದು 0.161ರಿಂದ ಗುಣಿಸಿ, ಶಬ್ದವನ್ನು ಹೀರುವ ಒಟ್ಟು ಸಾಮರ್ಥ್ಯದಿಂದ ಭಾಗಿಸಿದರೆ ಅನುರಣನದ ಕಾಲ ಸೆಕೆಂಡುಗಳಲ್ಲಿ ದೊರೆಯುವುದು. 30 ಮೀಟರು ಉದ್ದ, 15 ಮೀಟರು ಅಗಲ, 10 ಮೀಟರು ಎತ್ತರದ ಒಂದು ಸಭಾಂಗಣವನ್ನು ಕಲ್ಪಿಸಿಕೊಳ್ಳೋಣ. ಗಾತ್ರ 4,500 ಘನಮೀಟರು. ಬರಿದಾಗಿರುವಾಗ ಹೀರುವ ಸಾಮರ್ಥ್ಯ 250 ಚದರ ಮೀಟರು ಎಂದಿಟ್ಟುಕೊಂಡರೆ ಅನುರಣನ 2.9 ಸೆಕೆಂಡು. 400 ಮಂದಿ ಬಂದು ಕುಳಿತು, ತಲೆಗೆ 0.45 ಚದರ ಮೀಟರಿನಂತೆ ಶಬ್ದವನ್ನು ಹೀರಿದರೆ ಸಾಮರ್ಥ್ಯ 430 ಆಗಿ, ಅನುರಣನ 1.7 ಸೆಕೆಂಡಿಗೆ ಇಳಿಯುವುದು. ಬರಿಯ ಸಭಾಂಗಣದಲ್ಲಿ ಅಭ್ಯಾಸ ಮಾಡಿ ಹಿಗ್ಗಿದ ಮಕ್ಕಳು ತುಂಬಿದ ಸಭೆಯಲ್ಲಿ ತಮ್ಮ ದನಿ ಸೊರಗಿತೆಂದು ಹೆದರುವುದುಂಟು. ಸೊರಗಿದ್ದು ಅವರ ದನಿಯಲ್ಲ. ಸಭಿಕರ ಬಟ್ಟೆಬರೆಗಳು ಅನುರಣನವನ್ನು ನುಂಗಿವೆ, ಅಷ್ಟೆ.

ವೃಂದವು ಬಹು ದೊಡ್ಡದಾದರೆ ಕಾಲದ ತೊಡಕು ತಲೆದೋರುವುದು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರು. ಸಾಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ 17 ಮೀಟರು ದೂರವಿದ್ದರೆ ಅಲ್ಲಿಯ ಹಾಡು ಇಲ್ಲಿಗೆ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ ತಡವಾಗಿ ಬರುವುದು. ಎಸ್ಟೋನಿಯಾ ದೇಶದಲ್ಲಿ 1869ರಲ್ಲಿ ಮೊದಲಾದ ಗಾಯನೋತ್ಸವವು ಇಂದಿಗೂ ನಡೆಯುತ್ತಿದೆ. 1962ರಿಂದ ಮಕ್ಕಳಿಗೂ ತರುಣರಿಗೂ ಬೇರೆಯದೇ ಉತ್ಸವ ಉಂಟು. ಟಾಲಿನ್ ನಗರದಲ್ಲಿ 1960ರಲ್ಲಿ ಕಟ್ಟಿದ ವಿಶಾಲವಾದ ಕಮಾನಿನ ಕೆಳಗೆ ಸಾವಿರಾರು ಮಂದಿ ಒಟ್ಟಿಗೆ ನಿಂತು ಹಾಡುವರು. ಅಲ್ಲಿ ದೂರದವರ ದನಿ ಕೇಳಿ ತಾಳ ಹಿಡಿಯಹೊರಟರೆ ಹಾಡು ಹಿಂದೆ ಹಿಂದೆ ಜಗ್ಗುವುದು. ಬೆಳಕಿಗಾದರೋ ಈ ತಡವಿಲ್ಲ. ಆದ್ದರಿಂದ ತಾಳವನ್ನು ಕಣ್ಣಿನಿಂದ, ನಿರ್ದೇಶಕನ ಕೈಯನ್ನು ನೋಡಿ ಹಿಡಿಯಬೇಕು. ಶ್ರುತಿಯನ್ನು ಕಿವಿಯಿಂದ, ಪಕ್ಕದವರನ್ನು ಕೇಳಿ ಹಿಡಿಯಬೇಕು.

ಈಗ ದನಿ ಒಡೆದ ಹುಡುಗನ ಕಡೆಗೆ ಬರೋಣ. ಸಾಮಾನ್ಯವಾಗಿ 12ರಿಂದ 15 ವರ್ಷಗಳ ನಡುವೆ ಹುಡುಗರ ಧ್ವನಿಪೆಟ್ಟಿಗೆ ಬೇಗಬೇಗನೆ ಬೆಳೆಯುವುದು. ತಂತುಗಳು ಉದ್ದವೂ ದಪ್ಪವೂ ಆಗಿ ದನಿ ಸುಮಾರು ಒಂದು ಸ್ಥಾಯಿ ಇಳಿಯುವುದು. ಹುಡುಗಿಯರಲ್ಲಿಯೂ ಬದಲಾವಣೆಯುಂಟು, ಆದರೆ ಇಳಿತ ಎರಡು ಮೂರು ಸ್ವರಸ್ಥಾನಗಳಷ್ಟೆ. ಹುಡುಗನಿಗೆ ಹಳೆಯ ಮೇಲಿನ ಸ್ವರಗಳು ಎಟುಕವು, ಹೊಸ ಕೆಳಗಿನ ಸ್ವರಗಳು ಇನ್ನೂ ಕೈಗೂಡಿಲ್ಲ. ಎಲ್ಲರೂ ಒಂದೇ ಶ್ರುತಿಯಲ್ಲಿ ಹಾಡುವಾಗ ಅವನು ಮೇಲೂ ಸಲ್ಲನು, ಒಂದು ಸ್ಥಾಯಿ ಕೆಳಗೂ ಸಲ್ಲನು. ಅವನ ಅಪಸ್ವರಕ್ಕೆ ಕಾರಣ ಕಿವಿಯ ದೋಷವಲ್ಲ, ಬೆಳವಣಿಗೆ.

ಇಂಥವನು ಹಾಡಬೇಕೆ, ಸುಮ್ಮನಿರಬೇಕೆ ಎಂಬ ಚರ್ಚೆ ಹಳೆಯದು. ಪುಟ್ಟ ಕನ್ನಡಿಯ ಸಹಾಯದಿಂದ ಹಾಡುವವನ ಧ್ವನಿತಂತುಗಳನ್ನು ಕಂಡು 1855ರಲ್ಲಿ ಅದನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ತಿಳಿಸಿದ ಗಾಯನಗುರು ಮಾನ್ವೆಲ್ ಗಾರ್ಸಿಯಾ ವಿಶ್ರಾಂತಿಯ ಪಕ್ಷದವನು. ಇಂಗ್ಲೆಂಡಿನ ಗಂಟಲುವೈದ್ಯ ಮೊರೆಲ್ ಮೆಕೆಂಜಿ 1880ರ ದಶಕದಲ್ಲಿ, ಎಚ್ಚರದಿಂದ ಹಾಡಿದರೆ ಬಾಧಕವಿಲ್ಲವೆಂದನು. ಮುಂದೆ 1950ರ ದಶಕದಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಬೋಧಿಸುತ್ತಿದ್ದ ಅರ್ವಿನ್ ಕೂಪರ್, ಹುಡುಗನನ್ನು ಹಾಡಿಗೆ ಹೊಂದಿಸುವುದರ ಬದಲು ಹಾಡನ್ನೇ ಹುಡುಗನಿಗೆ ಹೊಂದಿಸಿದನು. ಬದಲಾಗುತ್ತಿರುವ ಕಂಠಕ್ಕೆ 'ಕ್ಯಾಂಬಿಯಾಟಾ' ಎಂದು ಹೆಸರಿಟ್ಟು, ಅದರ ಕಿರಿದಾದ ಹರಹಿಗೆ ತಕ್ಕ ಪ್ರತ್ಯೇಕ ಭಾಗವನ್ನು ಬರೆಸಿದನು. 1970ರ ದಶಕದಲ್ಲಿ ಜಾನ್ ಕುಕ್ಸಿ, ಈ ಬದಲಾವಣೆ ಅಡ್ಡಾದಿಡ್ಡಿಯಾಗಿ ನಡೆಯದೆ ಒಂದು ಕ್ರಮದಲ್ಲಿ ಹಂತಹಂತವಾಗಿ ಸಾಗುವುದೆಂದೂ, ಆಯಾ ಹಂತದಲ್ಲಿ ಹಾಯಾಗಿ ಬರುವ ಸ್ವರಗಳಲ್ಲಿ ಹಾಡುತ್ತಿರಬಹುದೆಂದೂ ಪ್ರತಿಪಾದಿಸಿದನು. ಕೂಗಿ ಹಾಡಕೂಡದು, ಎಟುಕದ ಸ್ವರಕ್ಕೆ ಹೆಣಗಕೂಡದು, ನೋವಾದರೆ ನಿಲ್ಲಿಸಬೇಕು. ಈ ಎಚ್ಚರವಿದ್ದರೆ ಮೌನವ್ರತದ ಅವಶ್ಯಕತೆಯಿಲ್ಲ.

ಬೇರೆ ಬೇರೆ ಭಾಗಗಳಲ್ಲಿ ಹಾಡುವ ಪದ್ಧತಿ ನಮ್ಮ ಸಂಗೀತಕ್ಕೆ ಹೊರಗಿನದೆಂದು ಕೆಲವರು ಹೇಳಬಹುದು. ಮದರಾಸ್ ಯೂತ್ ಕಾಯರ್ ಎಂಬ ವೃಂದವನ್ನು ಕಟ್ಟಿದ ಎಂ. ಬಿ. ಶ್ರೀನಿವಾಸನ್ (1925–1988) ಅವರು ಭಾರತೀಯ ಭಾಷೆಗಳ ಗೀತೆಗಳನ್ನು ಈ ಕ್ರಮದಲ್ಲಿ ಹಾಡಿಸಿ ತೋರಿಸಿದ್ದಾರೆ. ಇಷ್ಟೆಲ್ಲ ಏರ್ಪಾಡು ಸಾಧ್ಯವಾಗದ ಶಾಲೆಯಲ್ಲಿಯೂ ಒಂದು ಸುಲಭೋಪಾಯವಿದೆ. ಮಕ್ಕಳು ಪಲ್ಲವಿ ಹಾಡುವಾಗ ದನಿ ಒಡೆದ ಹುಡುಗರಿಗೆ ಷಡ್ಜವನ್ನೋ ಪಂಚಮವನ್ನೋ, ಅವರ ಕಂಠಕ್ಕೆ ಒಗ್ಗುವುದನ್ನು, ಶ್ರುತಿಯಾಗಿ ಹಿಡಿದಿರಲು ಒಪ್ಪಿಸಬಹುದು.

ಒಟ್ಟಿಗೆ ಹಾಡುವುದರಲ್ಲಿ ಕಿವಿಗೆ ಕೇಳಿಸದ ಕೂಟವೂ ಒಂದಿದೆ. ಸ್ವೀಡನ್ನಿನ ಯೋಟೆಬೋರಿ ನಗರದಲ್ಲಿ ಬ್ಯೋರ್ನ್ ವಿಕ್‌ಹಾಫ್ ಮತ್ತು ಸಂಗಡಿಗರು 18 ವರ್ಷ ವಯಸ್ಸಿನ ತರುಣ ತರುಣಿಯರನ್ನು ಕೂಡಿಸಿ ಹಾಡಿಸಿ, ಅವರ ನಾಡಿಬಡಿತವನ್ನು ಅಳೆದು, ಫಲಿತಾಂಶವನ್ನು 2013ರಲ್ಲಿ ಪ್ರಕಟಿಸಿದರು. ಉಸಿರೆಳೆದಾಗ ಹೃದಯ ತುಸು ಬೇಗ ಬಡಿಯುವುದು, ಬಿಟ್ಟಾಗ ತುಸು ನಿಧಾನವಾಗುವುದು. ಹಾಡಿನ ಸಾಲುಗಳು ಎಲ್ಲರ ಉಸಿರನ್ನೂ ಒಂದೇ ಕ್ರಮಕ್ಕೆ ತಂದಾಗ, ಅವರ ಹೃದಯದ ಬಡಿತಗಳೂ ಒಟ್ಟಿಗೆ ಏರಿ ಒಟ್ಟಿಗೆ ಇಳಿದುವು. ಸುಮ್ಮನೆ ಬಾಯಾಡಿಸಿದವನ ಉಸಿರು ಸ್ವರವನ್ನು ಹೊರಬೇಕಾಗಿಲ್ಲವಾದ್ದರಿಂದ ಹಾಡಿನ ಈ ಕಟ್ಟಿಗೆ ಅದು ಒಳಪಡಬೇಕೆಂದಿಲ್ಲ. ಸಾಲಿನಲ್ಲಿ ನಿಂತಿದ್ದರೂ ಅವನು ಈ ಕೂಟದಿಂದ ಹೊರಗುಳಿಯಬಹುದು.

ದನಿ ಒಡೆಯುತ್ತಿರುವ ವಾಚಕರು ನಮ್ಮಲ್ಲಿ ಅನೇಕರಿರಬಹುದು. ತಂಬೂರಿಯನ್ನೋ ಹಾರ್ಮೋನಿಯಮನ್ನೋ ಮುಂದಿಟ್ಟುಕೊಂಡು, ಹಾಯಾಗಿ ಬರುವ ಅತ್ಯಂತ ಕೆಳಗಿನ ಮತ್ತು ಅತ್ಯಂತ ಮೇಲಿನ ಸ್ವರಗಳನ್ನು ಇಂದು ಗುರುತುಮಾಡಿಕೊಳ್ಳಿರಿ. ತಿಂಗಳಿಗೊಮ್ಮೆ ಹಾಗೆಯೇ ಪರೀಕ್ಷಿಸಿ ತಾರೀಖಿನೊಡನೆ ಬರೆದಿಡಿರಿ. ಆ ಪಟ್ಟಿಯನ್ನು ನಿಮ್ಮ ಸಂಗೀತದ ಉಪಾಧ್ಯಾಯರಿಗೆ ತೋರಿಸಿ, ಅದಕ್ಕೆ ಒಪ್ಪುವ ಭಾಗವನ್ನು ಕೇಳಿರಿ.