ಹಳೆಯ ದ್ರಾಕ್ಷಾಮದ್ಯದ ರಸಾಯನ

ನೇರಳೆಹಣ್ಣನ್ನು ತಿಂದವರೆಲ್ಲರಿಗೂ ಎರಡು ಸಂಗತಿಗಳು ಗೊತ್ತು: ನಾಲಗೆ ನೀಲಿಗಟ್ಟುತ್ತದೆ, ಬಾಯಿ ಒಗರಾಗುತ್ತದೆ. ಬಣ್ಣಕ್ಕೆ ಆಂಥೋಸಯನಿನ್ ಎಂಬ ವರ್ಣದ್ರವ್ಯಗಳೂ ಒಗರಿಗೆ ಟ್ಯಾನಿನ್ ಎಂಬ ವಸ್ತುಗಳೂ ಕಾರಣ. ಕಪ್ಪು ದ್ರಾಕ್ಷಿಯ ಸಿಪ್ಪೆಯಲ್ಲಿಯೂ ಇವೆರಡೂ ಇವೆ. ಕೆಂಪು ದ್ರಾಕ್ಷಾಮದ್ಯವು ಹಳತಾಗುವ ಕಥೆಯು ಬಹುಮಟ್ಟಿಗೆ ಇವುಗಳ ಕಥೆಯೇ. ಹಳತಾದಷ್ಟೂ ಮದ್ಯವು ಉತ್ತಮವೆಂಬ ಮಾತು ಎಷ್ಟರಮಟ್ಟಿಗೆ ನಿಜ? ಮದ್ಯಪಾನವನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಅದರ ಕೇಡು ಸರ್ವವಿದಿತ. ಶೀಸೆಯೊಳಗೆ ನಡೆಯುವ ಕ್ರಿಯೆಯನ್ನು ಮಾತ್ರ ನಾವಿಲ್ಲಿ ವಿಚಾರಿಸೋಣ.

ಫ್ರಾನ್ಸಿನ ಬೋರ್ಡೋ ನಗರದ ಉತ್ತರಕ್ಕೆ, ಜಿರೋಂದ್ ಅಳಿವೆಯ ಎಡದಂಡೆಯಲ್ಲಿ, ಪೊಯಾಕ್ ಎಂಬ ಊರಿನ ಬಳಿ ಶಾತೋ ಲಾತೂರ್ ಎಂಬ ದ್ರಾಕ್ಷಿತೋಟವಿದೆ. 1855ರ ಪ್ಯಾರಿಸ್ ಪ್ರದರ್ಶನಕ್ಕಾಗಿ ಬೋರ್ಡೋ ಮದ್ಯಗಳನ್ನು ವಿಂಗಡಿಸಿದಾಗ ಪ್ರಥಮ ದರ್ಜೆಗೆ ಸೇರಿದ ನಾಲ್ಕರಲ್ಲಿ ಇದೂ ಒಂದು. ಇಲ್ಲಿಯದು ಜಲ್ಲಿಕಲ್ಲಿನ ನೆಲ. ನೀರು ನಿಲ್ಲದು, ಕಲ್ಲುಗಳು ಬಿಸಿಲಿನ ಶಾಖವನ್ನು ಹಿಡಿದಿಡುತ್ತವೆ. ಮುಖ್ಯ ಬೆಳೆ ಕ್ಯಾಬರ್ನೆ ಸೊವಿನ್ಯೋಂ ಎಂಬ ತಳಿ. ಇದರ ಹಣ್ಣು ಚಿಕ್ಕದು, ಸಿಪ್ಪೆ ದಪ್ಪ. ಆದ್ದರಿಂದ ರಸದ ಪ್ರಮಾಣಕ್ಕೆ ಹೋಲಿಸಿದರೆ ಬಣ್ಣ, ಒಗರು ಎರಡೂ ಅಧಿಕ.

ಈ ಹಣ್ಣಿನ ತಿರುಳಿನ ರಸಕ್ಕೆ ಕೆಂಪು ಬಣ್ಣವಿಲ್ಲ. ಸಿಪ್ಪೆ, ಬೀಜಗಳೊಡನೆ ಅದನ್ನು ಹುದುಗಿಸಿದಾಗ ಯೀಸ್ಟ್ ಜೀವಿಗಳು ಸಕ್ಕರೆಯನ್ನು ಆಲ್ಕೊಹಾಲಾಗಿ ಮಾರ್ಪಡಿಸುತ್ತವೆ. ಜೊತೆಗೆ ಸಿಪ್ಪೆಯ ಬಣ್ಣವೂ ಟ್ಯಾನಿನ್ನೂ ರಸಕ್ಕೆ ಇಳಿಯುತ್ತವೆ. ಬಳಿಕ ಅದು ಓಕ್ ಮರದ ಪೀಪಾಯಿಯಲ್ಲಿದ್ದು ಶೀಸೆಯನ್ನು ಸೇರುತ್ತದೆ. ಹೊಸ ಮದ್ಯದ ಟ್ಯಾನಿನ್ ಜೊಲ್ಲಿನ ಪ್ರೋಟೀನುಗಳಿಗೆ ಅಂಟಿಕೊಳ್ಳುವುದರಿಂದ ನಾಲಗೆಯ ನುಣುಪು ಹೋಗಿ, ಬಾಯಿ ಒಣಗಿದಂತಾಗುತ್ತದೆ.

ವರ್ಷಗಳು ಕಳೆದಂತೆ ವರ್ಣದ್ರವ್ಯದ ಅಣುಗಳು ಟ್ಯಾನಿನ್ನಿನ ಅಣುಗಳೊಡನೆ ಕೂಡಿಕೊಳ್ಳುತ್ತವೆ. ಸರಪಳಿಗಳು ಬೆಳೆಯುತ್ತವೆ, ಒಡೆಯುತ್ತವೆ, ಮತ್ತೆ ಹೆಣೆದುಕೊಳ್ಳುತ್ತವೆ. ಕರಗಿರಲಾರದಷ್ಟು ದೊಡ್ಡದಾದವು ಗಸಿಯಾಗಿ ತಳಕ್ಕಿಳಿಯುತ್ತವೆ. ನೇರಳೆ ಛಾಯೆಯ ಕೆಂಪು ಕ್ರಮೇಣ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ, ಒಗರು ಮೆತ್ತಗಾಗುತ್ತದೆ. ಹಣ್ಣಿನ ವಾಸನೆ ಹಿಂದಾಗಿ ತೊಗಲು, ಹೊಗೆಸೊಪ್ಪು, ಒದ್ದೆಮಣ್ಣುಗಳನ್ನು ನೆನಪಿಸುವ ಪರಿಮಳಗಳು ಮೂಡುತ್ತವೆ.

ಇಲ್ಲಿ ಆಮ್ಲಜನಕದ ಪಾತ್ರವನ್ನು ತೋರಿಸಿದವನು ಲೂಯಿ ಪಾಸ್ಚರ್. ಮದ್ಯದ ವಿಷಯವಾಗಿ ಅವನ ಗ್ರಂಥವು ಪ್ರಕಟವಾದುದು 1866ರಲ್ಲಿ. ಗಾಜಿನ ನಳಿಗೆಯನ್ನು ಮದ್ಯದಿಂದ ಪೂರ್ತಿ ತುಂಬಿ ಮುಚ್ಚಿದರೆ ಅದು ಅಷ್ಟಾಗಿ ಬದಲಾಗಲಿಲ್ಲ. ಗಾಳಿಗೆ ಎಡೆಯಿಟ್ಟು ಮುಚ್ಚಿದರೆ ಬಣ್ಣ ಕುಂದಿ ಗಸಿ ಕೂಡಿತು. ಶೀಸೆಯ ಬೆಂಡಿನ ಬಿರಡೆಯು ಒಳಗೆ ಬಿಡುವ ಆಮ್ಲಜನಕವು ಅತ್ಯಲ್ಪ. ಆದ್ದರಿಂದಲೇ ಈ ಕ್ರಿಯೆಗೆ ದಶಕಗಳು ಬೇಕಾಗುತ್ತವೆ.

ಒಂದೇ ತೋಟದ ಹಲವು ವರ್ಷಗಳ ಮದ್ಯವನ್ನು ಸಾಲಾಗಿಟ್ಟು ಪರೀಕ್ಷಿಸುವ ಪದ್ಧತಿಯುಂಟು. ಪರೀಕ್ಷಕರು ಬಟ್ಟಲನ್ನು ಬಿಳಿಯ ಬಟ್ಟೆಯ ಮೇಲೆ ಓರೆಮಾಡಿ ಅಂಚಿನ ಬಣ್ಣವನ್ನು ನೋಡುತ್ತಾರೆ, ಮೂಸುತ್ತಾರೆ, ಬಾಯಲ್ಲಾಡಿಸಿ ಅನೇಕವೇಳೆ ಉಗುಳಿಬಿಡುತ್ತಾರೆ. ಅವರಿಗೆ ಕಾಣುವುದು ಮದ್ಯದ ವಯಸ್ಸು ಮಾತ್ರವಲ್ಲ, ಆಯಾ ವರ್ಷದ ಹವೆಯೂ ಹೌದು. 1961ರಲ್ಲಿ ಬೋರ್ಡೋ ಪ್ರಾಂತದಲ್ಲಿ ವಸಂತದ ಚಳಿಯಿಂದ ಫಸಲು ಕುಗ್ಗಿತು. ಉಳಿದ ಹಣ್ಣು ಮುಂದಿನ ಒಣಹವೆಯಲ್ಲಿ ಸಾರವತ್ತಾಗಿ ಮಾಗಿತು. 1963ರಲ್ಲಿ ಮಳೆ, ಕೊಳೆತಗಳಿಂದ ಹಣ್ಣು ಕೆಟ್ಟಿತು. ಮೊದಲನೆಯದು ದೀರ್ಘಕಾಲ ಬಾಳಿತು. ಎರಡನೆಯದನ್ನು ಕಾಲವು ಉದ್ಧರಿಸಲಿಲ್ಲ.

ಹೀಗಾಗಿ, ಮೊದಲೇ ಇಲ್ಲದ ಗುಣವನ್ನು ಮುಪ್ಪು ತಂದುಕೊಡಲಾರದು. ಇದ್ದ ಗುಣವೂ ಒಂದು ಹದವನ್ನು ಮುಟ್ಟಿ ಬಳಿಕ ಇಳಿಯುತ್ತದೆ. ಜಗತ್ತಿನ ಬಹುಪಾಲು ಮದ್ಯಗಳು ಕೆಲವೇ ವರ್ಷಗಳಲ್ಲಿ ಸಪ್ಪೆಯಾಗುತ್ತವೆ. 2012ರಲ್ಲಿ ಲಾತೂರ್ ತೋಟದವರು, ಮದ್ಯವು ಪೀಪಾಯಿಯಲ್ಲಿರುವಾಗಲೇ ಮುಂಗಡವಾಗಿ ಮಾರುವ ಬೋರ್ಡೋ ಪದ್ಧತಿಯನ್ನು ಕೈಬಿಟ್ಟು, ಹದಕ್ಕೆ ಬಂದಿತೆಂದು ತೋರಿದಾಗ ಮಾತ್ರ ಮಾರಲು ನಿರ್ಧರಿಸಿದರು. ಆದರೆ ಆ ಹದವನ್ನು ರುಚಿಯಿಂದ ತಿಳಿಯಬೇಕಾದರೆ ಒಂದು ಶೀಸೆಯನ್ನು ತೆರೆಯಲೇಬೇಕು. ಒಮ್ಮೆ ತೆರೆದ ಶೀಸೆಗೆ ಗಾಳಿ ನುಗ್ಗುತ್ತದೆ. ಐವತ್ತು ವರ್ಷ ಕಾದ ಪರಿಮಳವು ಗಂಟೆಯೊಳಗೆ ಅಳಿದುಹೋಗಬಹುದು. ಬೆಳೆಸಿದ ಆಮ್ಲಜನಕವೇ ಅದನ್ನು ಕೆಡಿಸುತ್ತದೆ.