ವಾಣಿಜ್ಯ ಪದವಿಯಿಂದ ಶುಶ್ರೂಷೆಗೆ

ನ್ಯೂಯಾರ್ಕ್ ರಾಜ್ಯದ ಒಂದು ನರ್ಸಿಂಗ್ ಕಾಲೇಜಿನಲ್ಲಿ, ಬಂಧುಗಳಿಗೆ ಪ್ರವೇಶವಿದ್ದ ದಿನ, ಮಂಚದ ಮೇಲೆ ಮಲಗಿಸಿದ್ದ ರಬ್ಬರಿನ ರೋಗಿಯ ಮಗ್ಗುಲಲ್ಲಿ ನಿಂತು, ಮೈಸೂರಿನಲ್ಲಿ ಎಂ.ಕಾಂ. ಮುಗಿಸಿ ಕೆಲವು ವರ್ಷ ಬ್ಯಾಂಕಿನಲ್ಲಿ ದುಡಿದಿದ್ದ ನನ್ನ ಅಣ್ಣನ ಮಗಳು, ರೋಗಿಯ ದೇಹಕ್ಕೆ ಸಂದ ದ್ರವವೆಷ್ಟು, ಹೊರಬಿದ್ದದ್ದೆಷ್ಟು ಎಂಬುದನ್ನು ಹಾಳೆಯ ಎರಡು ಅಂಕಣಗಳಲ್ಲಿ ಬರೆಯುತ್ತಿದ್ದುದನ್ನು ಕಂಡೆನು. ಕುಡಿದ ನೀರು, ಡ್ರಿಪ್‌ನಲ್ಲಿ ಇಳಿದ ಸಲೈನ್ ಒಂದು ಕಡೆ. ಮೂತ್ರ, ವಾಂತಿ, ಗಾಯದ ನಳಿಕೆಯಿಂದ ಬಂದ ಸ್ರಾವ ಇನ್ನೊಂದು ಕಡೆ. ಥೇಟ್ ಜಮಾ-ಖರ್ಚಿನ ಪುಸ್ತಕವೇ.

“ಚಿಕ್ಕಪ್ಪ, ಒಂದು ಲೋಟ ಐಸ್ ಚೂರು ಕೊಟ್ರೆ ಅರ್ಧ ಲೋಟ ನೀರು ಅಂತಲೇ ಬರೀಬೇಕು. ಕರಗಿದ ಮೇಲೆ ಅಷ್ಟೇ ತಾನೆ ಉಳಿಯೋದು? ಲೋಟ 240 ಎಂ.ಎಲ್. ಹಿಡಿಸಿದ್ರೆ ಲೆಕ್ಕಕ್ಕೆ 120” ಎಂದಳು. ಹೃದಯವೋ ಮೂತ್ರಪಿಂಡವೋ ದುರ್ಬಲವಾದವರಲ್ಲಿ ಈ ಲೆಕ್ಕ ತಪ್ಪಿ ನೀರು ಒಳಗೇ ನಿಂತರೆ ಕಾಲು ಬಾತು, ಶ್ವಾಸಕೋಶ ತೊಯ್ದು, ಉಸಿರೇ ಕಟ್ಟಬಹುದೆಂಬುದನ್ನು ಅವಳು ವಿವರಿಸುತ್ತಿರಲು, ಬ್ಯಾಂಕಿನ ವರ್ಷಗಳು ವ್ಯರ್ಥವಾದುವೆಂದು ಮನೆಯಲ್ಲಿ ಹಲುಬುತ್ತಿದ್ದವರೆಲ್ಲ ಆ ಮಂಚದ ಬಳಿ ಇರಬೇಕಾಗಿತ್ತೆನಿಸಿತು.

ಅವಳಂತೆ ಬೇರೆ ವಿಷಯದಲ್ಲಿ ಪದವಿ ಪಡೆದವರನ್ನು 11ರಿಂದ 18 ತಿಂಗಳಲ್ಲಿ ದಾದಿಯರನ್ನಾಗಿಸುವ ತ್ವರಿತ ಶಿಕ್ಷಣಕ್ರಮವನ್ನು ಸೇಂಟ್ ಲೂಯಿಸ್ ವಿಶ್ವವಿದ್ಯಾನಿಲಯ 1971ರಲ್ಲಿ ಆರಂಭಿಸಿತು. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಸೂಕ್ಷ್ಮಾಣುಜೀವಿಶಾಸ್ತ್ರ, ಸಂಖ್ಯಾಶಾಸ್ತ್ರಗಳನ್ನು ಸಾಮಾನ್ಯವಾಗಿ ಮೊದಲೇ ಓದಿರಬೇಕು. ಇಷ್ಟು ಅಲ್ಪಕಾಲದಲ್ಲಿ ಕೈ ಪಳಗೀತೆ ಎಂಬ ಸಂಶಯ ನನಗೆ ಬಹಳವಾಗಿಯೇ ಇತ್ತು. ಆದರೆ ನಾಲ್ಕು ವರ್ಷದ ಕ್ರಮದಲ್ಲಿ ಭಾಷೆ, ಸಮಾಜಶಾಸ್ತ್ರ ಮೊದಲಾದ ಸಾಮಾನ್ಯ ವಿಷಯಗಳು ನುಂಗುವ ಕಾಲವನ್ನೇ ಇಲ್ಲಿ ಕಳೆದಿರುವುದು. ಆಸ್ಪತ್ರೆಯ ಹಾಸಿಗೆಯ ಬಳಿಯ ಅಭ್ಯಾಸವನ್ನಲ್ಲ. ಕೊನೆಗೆ ಲೈಸೆನ್ಸಿನ ಪರೀಕ್ಷೆಯೂ ಎಲ್ಲರಿಗೂ ಒಂದೇ. ಪ್ರತಿ ಉತ್ತರವನ್ನೂ ತೂಗಿ ಮುಂದಿನ ಪ್ರಶ್ನೆಯನ್ನು ಆರಿಸುವ ಕಂಪ್ಯೂಟರು ಕನಿಷ್ಠ 85, ಗರಿಷ್ಠ 150 ಪ್ರಶ್ನೆಗಳನ್ನೊಡ್ಡುತ್ತದೆ.

ಈ ಮಾರ್ಗದ ಮೂಲವನ್ನು ಅರಸುತ್ತ ಹೋದ ನನ್ನನ್ನು ಬಿಡದೆ ಹಿಡಿದುದು, ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿಯ ವಾಸರ್ ಕಾಲೇಜಿನಲ್ಲಿ 1918ರ ಬೇಸಗೆಯಲ್ಲಿ ನಡೆದ ಶಿಬಿರ. ಮಹಾಯುದ್ಧಕ್ಕೆ ದಾದಿಯರು ಸಾಲದೆ ಹೋದಾಗ, ಅನೇಕ ಕಾಲೇಜುಗಳ ಪದವೀಧರೆಯರು, ನಾನೂರಕ್ಕೂ ಹೆಚ್ಚು ಮಂದಿ, ಅಲ್ಲಿ ನೆರೆದು ಹನ್ನೆರಡು ವಾರ ರಸಾಯನಶಾಸ್ತ್ರ, ಬ್ಯಾಕ್ಟೀರಿಯಾಶಾಸ್ತ್ರ, ಆಹಾರಶಾಸ್ತ್ರಗಳನ್ನು ಕಲಿತರು. ಆ ಕಾಲದ ಆಸ್ಪತ್ರೆಗಳು ತಮ್ಮ ವಿದ್ಯಾರ್ಥಿನಿಯರನ್ನು ಸಂಬಳವಿಲ್ಲದ ಆಳುಗಳಂತೆ ದುಡಿಸಿಕೊಂಡು ಬಿಡುವಾದಾಗ ಪಾಠ ಹೇಳುತ್ತಿದ್ದುವೆಂಬುದನ್ನು ನೆನೆದರೆ, ಪಾಠವನ್ನೇ ಮುಂದಿಟ್ಟ ಈ ಏರ್ಪಾಡಿನ ದಿಟ್ಟತನ ಮನವರಿಕೆಯಾದೀತು. ಉಳಿದ ತರಬೇತಿಗೆ ಅವರು ಆಸ್ಪತ್ರೆಗಳನ್ನು ಸೇರಿದ ಶರತ್ಕಾಲದಲ್ಲಿಯೇ ಮಹಾ ಇನ್‌ಫ್ಲುಯೆಂಜಾ ಬಂದೆರಗಿತು. ನವೆಂಬರಿನಲ್ಲಿ ಯುದ್ಧ ಮುಗಿದರೂ ರೋಗಿಗಳೇನೂ ಮುಗಿಯಲಿಲ್ಲ.

ಆ ಶಿಬಿರದಲ್ಲಿದ್ದ ಕ್ಯಾಥರೀನ್ ಡೆನ್ಸ್‌ಫರ್ಡ್ ಎಂಬಾಕೆ ಶಿಕಾಗೋ ವಿಶ್ವವಿದ್ಯಾನಿಲಯದಿಂದ ಇತಿಹಾಸದಲ್ಲಿ ಎಂ.ಎ. ಪಡೆದವಳು, 1930ರಿಂದ 1959ರವರೆಗೆ ಮಿನ್ನೆಸೋಟಾ ವಿಶ್ವವಿದ್ಯಾನಿಲಯದ ಶುಶ್ರೂಷಾ ಶಾಲೆಯನ್ನು ನಡೆಸಿದಳು. ಚರಿತ್ರೆ ಓದಿದ್ದವಳೆಂದು ಅವಳನ್ನು ಬಾಗಿಲಲ್ಲೇ ತಡೆದಿದ್ದರೆ ನಷ್ಟ ಯಾರಿಗೆ? ಯೇಲ್ ವಿಶ್ವವಿದ್ಯಾನಿಲಯವಂತೂ, 1923ರಲ್ಲಿ ತೆರೆದ ತನ್ನ ಶುಶ್ರೂಷಾ ಶಾಲೆಗೆ 1934ರಿಂದ ಪದವೀಧರೆಯರೇ ಬರಬೇಕೆಂದು ವಿಧಿಸಿತು.

ನಮ್ಮಲ್ಲಾದರೋ, ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರವಿಲ್ಲದವರಿಗೆ ಬಿ.ಎಸ್ಸಿ. ನರ್ಸಿಂಗ್ ಬಾಗಿಲು ಮುಚ್ಚಿದೆ. ಕಲೆ, ವಾಣಿಜ್ಯದವರನ್ನೂ ಸೇರಿಸಿಕೊಳ್ಳುವ ಜಿ.ಎನ್.ಎಂ. ಡಿಪ್ಲೊಮಾ ಇದೆ, ಆದರೆ ಬಿ.ಎ., ಬಿ.ಕಾಂ. ಮುಗಿಸಿ ಬಂದವಳೂ ಹದಿನೇಳರ ಹುಡುಗಿಯರೊಡನೆ ಮೊದಲಿನಿಂದಲೇ ಮೂರು ವರ್ಷ ಕೂರಬೇಕು. ಅನಂತರ ನರ್ಸಿಂಗ್ ಪದವಿ ಬೇಕೆನಿಸಿದರೆ ಪೋಸ್ಟ್ ಬೇಸಿಕ್‌ಗೆ ಮತ್ತೆರಡು ವರ್ಷ. ತಂದೆತಾಯಿಯರ ಕಾಯಿಲೆಯಲ್ಲಿ ವಾರ್ಡಿನ ಬೆಂಚಿನ ಮೇಲೆ ರಾತ್ರಿಗಳನ್ನು ಕಳೆದು, ಈ ಕೆಲಸ ತನ್ನದೆಂದು ಇಪ್ಪತ್ತೆಂಟರಲ್ಲೋ ಮೂವತ್ತರಲ್ಲೋ ಅರಿತವರಿಗೆ ಐದು ವರ್ಷವೆಂಬುದು ಸಣ್ಣ ಅವಧಿಯಲ್ಲ. ಶರೀರಶಾಸ್ತ್ರಾದಿಗಳನ್ನು ಮೊದಲೇ ಓದಿ ತೇರ್ಗಡೆಯಾದ ಪದವೀಧರರಿಗೆ, ವಾರ್ಡಿನ ಗಂಟೆಗಳಲ್ಲಿ ಒಂದನ್ನೂ ಕಡಿಯದೆ, ಎರಡು ವರ್ಷದ ಕ್ರಮವೊಂದನ್ನು ಭಾರತೀಯ ನರ್ಸಿಂಗ್ ಪರಿಷತ್ತು ರೂಪಿಸಬೇಕು; ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯ ಅದನ್ನು ಮೊದಲು ಕೇಳಿ ಪಡೆಯಬೇಕು.