ರಿಪೇರಿಯೇ ಮೊದಲ ಮಾಡಿಫಿಕೇಷನ್

ಕೊಡಚಾದ್ರಿಗೆ, ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹತ್ತಿಸುವ ಬಾಡಿಗೆ ಜೀಪುಗಳದು ಒಂದು ಜಾತಿ. ನಗರದ ಗ್ಯಾರೇಜುಗಳಲ್ಲಿ ಲಕ್ಷಗಟ್ಟಲೆ ಸುರಿದು ಎತ್ತರಿಸಿ, ದಪ್ಪ ಟೈರು ತೊಡಿಸಿ, ನೆತ್ತಿಯ ಮೇಲೆ ದೀಪದ ಸಾಲು ಕೂರಿಸಿದ ಹಳೆಯ ಜಿಪ್ಸಿ, ಜೀಪುಗಳದು ಇನ್ನೊಂದು. ಬಾಡಿಗೆ ಜೀಪಿನಲ್ಲಿ ಕಣ್ಣಿಗೆ ಹಬ್ಬವಾಗುವಂಥದ್ದು ಸಾಮಾನ್ಯವಾಗಿ ಏನೂ ಇರುವುದಿಲ್ಲ. ಬಣ್ಣ ಮಾಸಿರುತ್ತದೆ, ಟಾರ್ಪಾಲಿಗೆ ತೇಪೆ ಬಿದ್ದಿರುತ್ತದೆ, ಟೈರಿನ ಅಳತೆ ಕಂಪನಿ ಕೊಟ್ಟದ್ದರ ಆಸುಪಾಸಿನಲ್ಲೇ ಇರುತ್ತದೆ. ಆದರೂ ಮಳೆ ಕೊರೆದ ದಾರಿಯಲ್ಲಿ ಜನ ತುಂಬಿಕೊಂಡು ಸೀಸನ್ ಪೂರ್ತಿ ಹತ್ತಿಳಿಯುವುದು ಅದೇ. ಹಳೆಯ ಫೋರ್ ವೀಲ್ ಡ್ರೈವ್ ಗಾಡಿಯನ್ನು ಕಚ್ಚಾ ದಾರಿಗೆ ಸಜ್ಜುಗೊಳಿಸುವ ಕಸುಬನ್ನು ಅರ್ಥ ಮಾಡಿಕೊಳ್ಳಲು ಈ ವ್ಯತ್ಯಾಸದಿಂದಲೇ ಶುರು ಮಾಡಬೇಕು. ಗಾಡಿಗೆ ಏನೇನು ಸೇರಿಸಬಹುದು ಎಂದು ಹೇಳುವವರು ಬೇಕಾದಷ್ಟು ಸಿಗುತ್ತಾರೆ. ಒಂದನ್ನು ಸೇರಿಸಿದರೆ ಇನ್ನೆಲ್ಲಿ ದಂಡ ತೆರಬೇಕಾಗುತ್ತದೆ ಎಂದು ಹೇಳಬಲ್ಲವರು ಕಡಿಮೆ. ಈ ಕಸುಬಿನ ಜೀವಾಳ ಇರುವುದು ಆ ಎರಡನೆಯ ಲೆಕ್ಕದಲ್ಲಿ.

ಮೊದಲು ಈ ಗಾಡಿಗಳ ಕುಲಗೋತ್ರ. ಮಹೀಂದ್ರಾ ಕಂಪನಿ ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಮುಂಬೈಯಲ್ಲಿ ಜೋಡಿಸತೊಡಗಿದ್ದು 1947ರಲ್ಲಿ. ಪ್ಯೂಜೊ ವಿನ್ಯಾಸದ 2.1 ಲೀಟರ್ ಡೀಸೆಲ್ ಎಂಜಿನ್ ಹೊತ್ತ ಎಂಎಂ 540ಯಂಥ ಜೀಪುಗಳು ಮುಂದೆ ಅದೇ ವಂಶದಲ್ಲಿ ಬಂದವು. ಸುಜುಕಿಯ ಪುಟ್ಟ ಜಿಮ್ನಿಯನ್ನು ಆಧರಿಸಿದ ಮಾರುತಿ ಜಿಪ್ಸಿ 970 ಸಿಸಿ ಪೆಟ್ರೋಲ್ ಎಂಜಿನ್ನಿನೊಂದಿಗೆ ರಸ್ತೆಗಿಳಿದದ್ದು 1985ರ ಕೊನೆಗೆ. 1996ರಲ್ಲಿ 1.3 ಲೀಟರಿನ ಜಿಪ್ಸಿ ಕಿಂಗ್ ಬಂತು, 2000ದಲ್ಲಿ ಕಾರ್ಬ್ಯುರೇಟರ್ ಹೋಗಿ ಇಂಧನ ಸಿಂಪಡಿಸುವ ಎಂಪಿಎಫ್‌ಐ ಬಂತು, 2018–19ರ ಹೊತ್ತಿಗೆ ಜನಸಾಮಾನ್ಯರಿಗೆ ಮಾರಾಟ ನಿಂತಿತು. ಎರಡೂ ವಂಶಗಳ ಮೂಳೆ ಒಂದೇ ಬಗೆಯದು: ಏಣಿಯಂಥ ಚಾಸಿ, ಹಿಂದೆ ಮುಂದೆ ಗಟ್ಟಿ ಆಕ್ಸಲ್, ಕಮಾನು ಪ್ಲೇಟುಗಳು, ಜೊತೆಗೆ ಹೈ–ಲೋ ಬದಲಿಸುವ ಟ್ರಾನ್ಸ್‌ಫರ್ ಕೇಸ್. ವಿಲ್ಲಿಸ್ ಕಾಲದ ಸ್ಪೈಸರ್ 18 ಟ್ರಾನ್ಸ್‌ಫರ್ ಕೇಸಿನಲ್ಲಿ ಲೋ ಹಾಕಿದರೆ ವೇಗ 2.46 ಪಟ್ಟು ತಗ್ಗಿ, ಎಳೆಯುವ ಬಲ ಅಷ್ಟೇ ಪಟ್ಟು ಹೆಚ್ಚುತ್ತದೆ. ಜಿಪ್ಸಿಯ ತೂಕವೋ ಹೆಚ್ಚುಕಡಿಮೆ ಒಂದು ಟನ್ ಮಾತ್ರ. ಅಂದರೆ ಕಚ್ಚಾ ದಾರಿಗೆ ಬೇಕಾದ ಗುಣಗಳಲ್ಲಿ ಬಹುಪಾಲು ಕಾರ್ಖಾನೆಯಿಂದಲೇ ಬಂದಿವೆ. ಇಪ್ಪತ್ತು ಮೂವತ್ತು ವರ್ಷ ದುಡಿದ ಮೇಲೆ ಆ ಗುಣಗಳಲ್ಲಿ ಎಷ್ಟು ಉಳಿದಿವೆ ಎಂಬುದೇ ಪ್ರಶ್ನೆ.

ಆದ್ದರಿಂದ ಬಲ್ಲ ಮೆಕ್ಯಾನಿಕ್ ಮೊದಲು ಗಾಡಿಯ ಅಡಿಗೆ ಹೋಗುತ್ತಾನೆ. ಚಾಸಿಯ ಉದ್ದಕ್ಕೂ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಬಂದರೆ ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ಒಳಗೆ ತುಕ್ಕು ತಿಂದ ಜಾಗ ಮಂದವಾಗಿ ಸದ್ದು ಮಾಡುತ್ತದೆ. ಮೇಲೆ ಬಳಿದ ಕಪ್ಪು ಕೋಟಿಂಗ್ ಕಣ್ಣಿಗೆ ಮೋಸ ಮಾಡಬಹುದು, ಕಿವಿಗೆ ಮಾಡಲಾರದು. ಆಮೇಲೆ ಸವೆದ ಶಾಕಲ್ ಬುಷ್, ತುಂಡಾದ ಸೆಂಟರ್ ಬೋಲ್ಟ್, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಎಂಜಿನ್ ಮೌಂಟಿಂಗ್. ಮುಂದಿನ ಚಕ್ರವನ್ನು ಜಾಕಿಯಲ್ಲಿ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಕಿಂಗ್‌ಪಿನ್ ಬೇರಿಂಗಿನ ಆಟ ಕೈಗೇ ಗೊತ್ತಾಗುತ್ತದೆ. ವೇಗ ಹಿಡಿದಾಗ ಸ್ಟೀರಿಂಗ್ ಗಡಗಡ ನಡುಗುವ ಜಿಪ್ಸಿಗಳಲ್ಲಿ ಹಲವಕ್ಕೆ ಇದೇ ಕಾಯಿಲೆ. ಇದನ್ನು ಸರಿಪಡಿಸದೆ ದೊಡ್ಡ ಟೈರು ಹಾಕಿದರೆ ನಡುಕ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ. ಬ್ರೇಕ್ ಸಿಲಿಂಡರ್, ಹೋಸ್ ಪೈಪು, ರೇಡಿಯೇಟರ್, ವೈರಿಂಗ್ ಎಲ್ಲವೂ ಇದೇ ಪಟ್ಟಿಗೆ ಸೇರುತ್ತವೆ. ಈ ಕೆಲಸಕ್ಕೆ ತಗಲುವ ಹಣ ಫೋಟೊದಲ್ಲಿ ಕಾಣುವುದಿಲ್ಲ. ಅದಕ್ಕೇ ಹೆಚ್ಚಿನವರು ಇದನ್ನು ಮುಂದಕ್ಕೆ ಹಾಕುತ್ತಾರೆ, ಕಾಡಿನ ನಡುವೆ ಗಾಡಿ ಕೈಕೊಡುವುದೂ ಬಹುತೇಕ ಇಲ್ಲಿಯೇ.

ಇನ್ನು ಟೈರು. ಕಚ್ಚಾ ದಾರಿಗೆ ನಿಜಕ್ಕೂ ಪ್ರಯೋಜನ ಕೊಡುವ ಬದಲಾವಣೆಗಳಲ್ಲಿ ಇದಕ್ಕೇ ಅಗ್ರಸ್ಥಾನ, ಏಕೆಂದರೆ ಆಕ್ಸಲ್ ನೆಲದಿಂದ ಎಷ್ಟು ಎತ್ತರ ಇರಬೇಕೆಂಬುದನ್ನು ತೀರ್ಮಾನಿಸುವುದು ಟೈರಿನ ವ್ಯಾಸ. ಕಮಾನು ಎಷ್ಟು ಎತ್ತರಿಸಿದರೂ ಏಳುವುದು ಚಾಸಿ ಮತ್ತು ಬಾಡಿ. ಡಿಫರೆನ್ಷಿಯಲ್ಲಿನ ಗುಂಡು ಇದ್ದಲ್ಲೇ ಇರುತ್ತದೆ, ಕಲ್ಲಿಗೆ ಬಡಿಯುತ್ತಲೇ ಇರುತ್ತದೆ. ಜಿಪ್ಸಿ ಕಿಂಗಿನ 205/70 ಆರ್ 15 ಟೈರಿನ ವ್ಯಾಸ ಸುಮಾರು 668 ಮಿಲಿಮೀಟರ್. ಹಲವರು ಅದರ ಜಾಗಕ್ಕೆ ಹಾಕಿಸುವ 235/75 ಆರ್ 15ರದ್ದು ಸುಮಾರು 733. ವ್ಯಾಸ 65 ಮಿಲಿಮೀಟರ್ ಹೆಚ್ಚಿದರೆ ಆಕ್ಸಲ್ ಏಳುವುದು ಅದರ ಅರ್ಧ, ಅಂದರೆ 33ರ ಆಸುಪಾಸು. ಲಾಭ ಇಷ್ಟು. ಈಗ ದಂಡ: ಚಕ್ರದ ಸುತ್ತಳತೆ ಶೇ 10ರಷ್ಟು ಹೆಚ್ಚಾಗಿ ಎಲ್ಲ ಗೇರುಗಳೂ ಅಷ್ಟು ಉದ್ದವಾಗುತ್ತವೆ. ಲೋ ಫಸ್ಟಿನಲ್ಲಿ ತೆವಳುವ ಶಕ್ತಿ ಕುಗ್ಗಿ ಕ್ಲಚ್ ಮೇಲೆ ಭಾರ ಬೀಳುತ್ತದೆ, ಇಳಿಜಾರಿನಲ್ಲಿ ಎಂಜಿನ್ ಹಿಡಿತ ಸಡಿಲವಾಗುತ್ತದೆ, ಬ್ರೇಕಿಗೆ ಹೆಚ್ಚು ಕೆಲಸ ಬೀಳುತ್ತದೆ. ಸ್ಪೀಡೋಮೀಟರ್ 50 ತೋರಿಸುವಾಗ ಗಾಡಿ 55ರಲ್ಲಿ ಓಡುತ್ತಿರುತ್ತದೆ. ಆ ಪುಟ್ಟ ಎಂಜಿನ್ನಿಗೆ ಇದು ಸಣ್ಣ ಹೊರೆಯಲ್ಲ. ಗೇರ್ ಅನುಪಾತ ಸರಿಪಡಿಸದೆ ಇದಕ್ಕಿಂತ ದೊಡ್ಡ ಟೈರಿಗೆ ಹೋಗುವುದು ಗಾಡಿಯ ಅತಿ ದೊಡ್ಡ ಗುಣವನ್ನು ಮಾರಿ ಮೂರು ಬೆರಳಗಲದ ಎತ್ತರ ಕೊಂಡ ಹಾಗೆ. ಆದರೆ ಹೆಚ್ಚು ಖರ್ಚಿಲ್ಲದ ಉಪಾಯವೊಂದಿದೆ: ಮಣ್ಣಿನ ದಾರಿ ಶುರುವಾದಲ್ಲಿ ಟೈರಿನ ಗಾಳಿಯನ್ನು 28 ಪಿಎಸ್‌ಐಯಿಂದ 18ರ ಹತ್ತಿರಕ್ಕೆ ಇಳಿಸುವುದು. ಟೈರು ಚಪ್ಪಟೆಯಾಗಿ ನೆಲವನ್ನು ಉದ್ದಕ್ಕೆ ತಬ್ಬುತ್ತದೆ, ಹಿಡಿತ ಹೆಚ್ಚುತ್ತದೆ. ಡಾಂಬರು ಸಿಗುತ್ತಲೇ ಮತ್ತೆ ತುಂಬಲು ಒಂದು ಸಣ್ಣ ಕಂಪ್ರೆಸರ್ ಜೊತೆಯಲ್ಲಿದ್ದರೆ ಸಾಕು.

ಎತ್ತರಿಸುವ ಕೆಲಸದಲ್ಲಿ ಲೆಕ್ಕ ಇನ್ನೂ ಸೂಕ್ಷ್ಮ. ಜಿಪ್ಸಿಯಲ್ಲಿ ಕಮಾನು ಆಕ್ಸಲ್ಲಿನ ಕೆಳಗಿದೆ. ಅದನ್ನು ಮೇಲಕ್ಕೆ ತಂದು ಕೂರಿಸಿದರೆ ಒಂದೇ ಏಟಿಗೆ ನಾಲ್ಕೈದು ಇಂಚು ಎತ್ತರ ಸಿಗುತ್ತದೆ, ಕಲ್ಲಿಗೆ ಸಿಕ್ಕಿಕೊಳ್ಳುವ ಯು ಬೋಲ್ಟ್ ಪ್ಲೇಟುಗಳೂ ಮೇಲೇರುತ್ತವೆ. ಕೇಳಲು ಚೆನ್ನ. ಆದರೆ ಸ್ಟೀರಿಂಗಿನ ಡ್ರ್ಯಾಗ್ ಲಿಂಕ್ ಓರೆಯಾಗಿ, ಪ್ರತಿ ಗುಂಡಿಗೂ ಗಾಡಿ ತಾನಾಗಿಯೇ ಪಕ್ಕಕ್ಕೆ ಎಳೆಯುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಕೋನ ಕಡಿದಾಗಿ ಕ್ರಾಸುಗಳು ಬೇಗ ಸವೆಯುತ್ತವೆ. ಬ್ರೇಕ್ ಹೋಸುಗಳ ಉದ್ದ ಸಾಲುವುದಿಲ್ಲ. ಲೋ ಗೇರಿನಲ್ಲಿ ಬಲ ಕೊಟ್ಟಾಗ ಆಕ್ಸಲ್ ಕಮಾನನ್ನು ತಿರುಚುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಅಗಲ ಕಡಿಮೆಯಿರುವ ಗಾಡಿಯ ಭಾರಕೇಂದ್ರ ಮೇಲೇರಿ, ಪಕ್ಕಕ್ಕೆ ವಾಲುವ ದಾರಿಯಲ್ಲಿ ಮಗುಚುವ ಅಪಾಯ ಹತ್ತಿರವಾಗುತ್ತದೆ. ಅಗ್ಗವಾಗಿ ಎತ್ತರಿಸಲು ಹೆಚ್ಚುವರಿ ಪ್ಲೇಟು ತುರುಕುವವರಂತೂ ಉಲ್ಟಾ ಫಲ ಪಡೆಯುತ್ತಾರೆ. ಕಮಾನು ಬಿಗಿಯಾಗಿ ಚಕ್ರಗಳು ಹಳ್ಳಕ್ಕೆ ಇಳಿಯುವುದನ್ನೇ ಬಿಡುತ್ತವೆ. ಸಾದಾ ಡಿಫರೆನ್ಷಿಯಲ್ ಇರುವ ಗಾಡಿಯಲ್ಲಿ ಎದುರುಬದುರು ಮೂಲೆಯ ಎರಡು ಚಕ್ರಗಳು ಗಾಳಿಯಲ್ಲಿ ತೂಗಿದರೆ ಬಲವೆಲ್ಲ ಅಲ್ಲೇ ಸೋರಿಹೋಗುತ್ತದೆ, ಫೋರ್ ವೀಲ್ ಇದ್ದೂ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಹದವಾದ ಪ್ಲೇಟುಗಳು, ಒಳ್ಳೆಯ ಶಾಕ್ ಅಬ್ಸಾರ್ಬರು, ಒಂದೆರಡು ಇಂಚಿನ ಏರಿಕೆ ಇಷ್ಟಕ್ಕೆ ನಿಲ್ಲಿಸಿ, ಉಳಿದ ಹಣವನ್ನು ಹಿಂದಿನ ಆಕ್ಸಲ್ಲಿನ ಎರಡೂ ಚಕ್ರಗಳಿಗೆ ಬಲ ಮುಟ್ಟಿಸುವ ಲಾಕರ್ ಅಥವಾ ಲಿಮಿಟೆಡ್ ಸ್ಲಿಪ್‌ಗೆ ಇಟ್ಟರೆ ಗಾಡಿ ಹೆಚ್ಚು ದೂರ ಹೋಗುತ್ತದೆ.

ಇದಕ್ಕೆ ಹೋಲಿಸಿದರೆ ಕಡಿಮೆ ಖರ್ಚಿನ ಕೆಲವು ಕೆಲಸಗಳು ಗಾಡಿಯ ಜೀವ ಉಳಿಸುತ್ತವೆ. ಓಡಿ ಬಿಸಿಯಾದ ಆಕ್ಸಲ್ ತಣ್ಣನೆಯ ಹೊಳೆಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಆಯಿಲ್ ಸೀಲಿನ ಸಂದಿನಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಡಿಫರೆನ್ಷಿಯಲ್ಲಿನ ಬಿರಡೆ ಬಿಚ್ಚಿದಾಗ ಆಯಿಲ್ ಬೆಳ್ಳಗೆ, ನೊರೆನೊರೆಯಾಗಿ ಬಂದರೆ ನೀರು ಸೇರಿದೆ ಎಂದೇ ಅರ್ಥ. ಆಕ್ಸಲ್ಲಿನ ಗಾಳಿಕಿಂಡಿಯಾದ ಬ್ರೀದರಿಗೆ ಒಂದಿಷ್ಟು ಟ್ಯೂಬು ಜೋಡಿಸಿ ಬಾನೆಟ್ಟಿನ ಎತ್ತರಕ್ಕೆ ಒಯ್ದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಸಿಕ್ಕಿಬಿದ್ದ ಗಾಡಿಯನ್ನು ಎಳೆಯುವ ಕೊಂಡಿ ಚಾಸಿಗೇ ಗಟ್ಟಿ ಬೋಲ್ಟಿನಿಂದ ಕೂತಿರಬೇಕು. ಬಂಪರಿಗೆ ಬೆಲ್ಟ್ ಕಟ್ಟಿ ಜಗ್ಗಿದಾಗ ಅದು ಕಿತ್ತು ಬಂದರೆ ಎದುರಿಗಿದ್ದವರ ಪ್ರಾಣಕ್ಕೇ ಸಂಚಕಾರ. ವಿಂಚ್ ಉಪಯುಕ್ತವೇ, ಆದರೆ ಮೂತಿಯ ಮೇಲೆ ಅಷ್ಟೊಂದು ತೂಕ ಹೇರಿದ ಮೇಲೆ ಮುಂದಿನ ಕಮಾನಿನ ಗತಿಯನ್ನೂ ನೋಡಬೇಕು. ಎಂಜಿನ್ನಿಗೆ ಎತ್ತರದಿಂದ ಗಾಳಿ ಎಳೆಯುವ ಸ್ನಾರ್ಕೆಲ್ ಹಾಕಿಸಿದವರು ಏರ್ ಫಿಲ್ಟರಿನ ಪ್ರತಿ ಜೋಡಣೆಯೂ ನೀರು ಬಿಡದಂತೆ ಕೂತಿದೆಯೇ ಎಂದು ನೋಡಿಕೊಳ್ಳಬೇಕು. ಒಂದು ಕ್ಲಾಂಪ್ ಸಡಿಲವಿದ್ದರೂ ನೀರು ಸಿಲಿಂಡರಿಗೆ ನುಗ್ಗಿ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಇಷ್ಟೆಲ್ಲ ಪಡಿಪಾಟಲು ಯಾಕೆ, 2020ರ ಥಾರ್ ಇದೆ, 2023ರಲ್ಲಿ ಬಂದ ಹೊಸ ಜಿಮ್ನಿ ಇದೆ, ಅವನ್ನೇ ಕೊಳ್ಳಬಾರದೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಏರ್‌ಬ್ಯಾಗ್, ಎಬಿಎಸ್, ಜಾರುವ ಚಕ್ರವನ್ನು ತಾನೇ ಹಿಡಿಯುವ ಎಲೆಕ್ಟ್ರಾನಿಕ್ಸ್ ಇವೆಲ್ಲ ಹಳೆಯ ಗಾಡಿಗೆ ಎಷ್ಟು ಸುರಿದರೂ ಬರುವುದಿಲ್ಲ. ವಾರಕ್ಕೆ ಐದು ದಿನ ಹೆದ್ದಾರಿಯಲ್ಲಿ ಓಡಿಸುವವರಿಗೆ, ಮನೆಮಂದಿಯನ್ನು ಕೂರಿಸಿಕೊಂಡು ದೂರ ಹೋಗುವವರಿಗೆ ಹೊಸದೇ ಸರಿ. ಹಳೆಯದರ ಹಿರಿಮೆ ಬೇರೆ ಕಡೆ ಇದೆ. ಅದರ ಯಂತ್ರ ಕಣ್ಣಿಗೆ ಕಾಣುತ್ತದೆ, ಕೈಗೆ ನಿಲುಕುತ್ತದೆ. ಕಾರ್ಬ್ಯುರೇಟರ್ ಕಾಲದ ಗಾಡಿಯಾದರೆ ಲ್ಯಾಪ್‌ಟಾಪ್ ಇಲ್ಲದ ತಾಲ್ಲೂಕು ಗ್ಯಾರೇಜಿನಲ್ಲೂ ಸರಿಹೋಗುತ್ತದೆ. ಕಮಾನು ಮುರಿದರೆ ಲಾರಿಗಳ ಪ್ಲೇಟು ಕಟ್ಟುವವನೇ ಕಟ್ಟಿಕೊಡುತ್ತಾನೆ. ಗಮನಿಸಿ, ಈ ಅನುಕೂಲ ಇರುವುದು ಗಾಡಿ ಮೂಲ ರೂಪಕ್ಕೆ ಹತ್ತಿರವಾಗಿ ಉಳಿದಿರುವವರೆಗೆ ಮಾತ್ರ. ಎಲ್ಲಿಂದಲೋ ತಂದ ಆಕ್ಸಲ್, ಇನ್ನಾವುದೋ ಗಾಡಿಯ ಎಂಜಿನ್, ಲೇಥಿನಲ್ಲಿ ಕಡೆಸಿದ ಅಡಾಪ್ಟರ್ ಸೇರಿದ ಗಾಡಿಯನ್ನು ಕಟ್ಟಿದವನ ಹೊರತು ಬೇರೆಯವರು ರಿಪೇರಿ ಮಾಡಲಾರರು.

ಕಾನೂನೂ ಇದೇ ದಿಕ್ಕಿಗೆ ಬೆರಳು ತೋರಿಸುತ್ತದೆ. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸಬಾರದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡನ್ನೂ ವಿಧಿಸಲು ದಾರಿ ಮಾಡಿತು. 15 ವರ್ಷ ದಾಟಿದ ಖಾಸಗಿ ಗಾಡಿ ಐದೈದು ವರ್ಷಕ್ಕೊಮ್ಮೆ ತಪಾಸಣೆಗೆ ನಿಂತು ನೋಂದಣಿ ನವೀಕರಿಸಿಕೊಳ್ಳಬೇಕು. ಆರ್‌ಟಿಒ ಅಂಗಳದಲ್ಲಿ ಆಳೆತ್ತರದ ಜಿಪ್ಸಿ ಹೇಗೆ ಕಾಣುತ್ತದೆಂದು ಹೇಳಬೇಕಿಲ್ಲ. ಈ ನಿಯಮ ಹವ್ಯಾಸಿಗಳ ಕತ್ತು ಹಿಸುಕುತ್ತದೆ, ತಜ್ಞರು ಪರೀಕ್ಷಿಸಿ ಅನುಮತಿ ಕೊಡುವ ವ್ಯವಸ್ಥೆ ಬೇಕು ಎಂಬ ವಾದದಲ್ಲಿ ಹುರುಳಿದೆ. ಆದರೆ ಅಂಥ ವ್ಯವಸ್ಥೆ ಬರುವ ತನಕ ಸಾರ್ವಜನಿಕ ರಸ್ತೆಯಲ್ಲಿ ಓಡುವ ಗಾಡಿಗೂ ಸ್ಪರ್ಧೆಯ ಗಾಡಿಗೂ ಗೆರೆ ಎಳೆಯಲೇಬೇಕು. ಸ್ಪರ್ಧೆಯ ಕಲ್ಲುಬಂಡೆ ಹತ್ತಲು ಭಾರಿ ಏರಿಕೆ, ದೈತ್ಯ ಟೈರು ಬೇಕಾಗಬಹುದು. ಅಂಥ ಗಾಡಿ ಲಾರಿಯ ಮೇಲೆ ಸ್ಪರ್ಧೆಯ ಜಾಗಕ್ಕೆ ಹೋಗಿ, ಲಾರಿಯ ಮೇಲೇ ಮರಳಬೇಕು.

ಕೊನೆಯ ಆಕ್ಷೇಪ ಪರಿಸರದ್ದು, ಅದು ಎಲ್ಲಕ್ಕಿಂತ ಗಟ್ಟಿಯಾದದ್ದು. ಪಶ್ಚಿಮ ಘಟ್ಟದ ಹುಲ್ಲುಗಾವಲಿನ ಮೇಲೆ ಚಕ್ರ ಹಾಯ್ದರೆ ಮಣ್ಣು ಅದುಮಿಕೊಂಡು ಜಾಡು ಬೀಳುತ್ತದೆ, ಮಳೆಗಾಲದಲ್ಲಿ ಆ ಜಾಡೇ ಕೊರಕಲಾಗುತ್ತದೆ. ಅಭಯಾರಣ್ಯಕ್ಕೆ ಅನುಮತಿಯಿಲ್ಲದೆ ನುಗ್ಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಮೀಸಲು ಅರಣ್ಯಕ್ಕೆ ಕರ್ನಾಟಕ ಅರಣ್ಯ ಕಾಯ್ದೆಯ ಕಾವಲಿದೆ. ಗಾಡಿ ಎಲ್ಲಿಗೆ ಬೇಕಾದರೂ ಹೋಗಬಲ್ಲದು ಎಂಬುದು ಅಲ್ಲಿಗೆಲ್ಲ ಹೋಗಲು ಪರವಾನಗಿಯಲ್ಲ. ಇರುವ ಜಾಡು, ತೋಟದ ದಾರಿ, ಮಾಲೀಕರು ಒಪ್ಪಿಕೊಟ್ಟ ಖಾಸಗಿ ಜಾಗ ಇಷ್ಟಕ್ಕೇ ತೃಪ್ತಿಪಡುವವರಿಗೆ ಮಾತ್ರ ಈ ಹವ್ಯಾಸ ಶೋಭಿಸುತ್ತದೆ. ಗಾಡಿ ಕಟ್ಟುವ ಕ್ರಮವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಗಾಳಿ ಇಳಿಸಿದ ಟೈರಿನಲ್ಲಿ, ಲೋ ಗೇರಿನಲ್ಲಿ ನಿಧಾನಕ್ಕೆ ತೆವಳುವ ಹಗುರ ಗಾಡಿ ನೆಲ ಕೆದರುವುದು ಕಡಿಮೆ. ಗೇರು ಉದ್ದವಾಗಿ, ವೇಗದ ಬಲದಲ್ಲೇ ನುಗ್ಗಬೇಕಾಗಿ ಬಂದ ಭಾರದ ಗಾಡಿ ಹೋದಲ್ಲೆಲ್ಲ ಉಳುಮೆ ಮಾಡುತ್ತದೆ.

ಹೀಗೆ ಯಂತ್ರದ ಲೆಕ್ಕ, ಕಾನೂನಿನ ಲೆಕ್ಕ, ನೆಲದ ಲೆಕ್ಕ ಮೂರೂ ಒಂದೇ ಉತ್ತರಕ್ಕೆ ಬರುತ್ತವೆ. ಹಳೆಯ ಜಿಪ್ಸಿಯನ್ನೋ ಜೀಪನ್ನೋ ಕೊಳ್ಳುವವರು ಕೊಂಡ ಬೆಲೆಯ ಜೊತೆಗೆ ರಿಪೇರಿಗೆಂದೇ ಒಂದು ದೊಡ್ಡ ಮೊತ್ತ ತೆಗೆದಿಡಲಿ, ರಿಪೇರಿ ಮುಗಿದು ಒಂದು ಮಳೆಗಾಲ ಓಡಿಸಿದ ಮೇಲೆ ಗಾಡಿ ಎಲ್ಲಿ ಸೋಲುತ್ತದೆಂದು ನೋಡಿ ಅಷ್ಟನ್ನು ಮಾತ್ರ ಬದಲಿಸಲಿ. ಗ್ಯಾರೇಜು ಆರಿಸುವಾಗಲೂ ಇದೇ ಒರೆಗಲ್ಲು: ಗಾಡಿ ಎಲ್ಲಿ ಓಡಿಸುತ್ತೀರಿ, ಎಷ್ಟು ಜನ ಕೂರುತ್ತೀರಿ, ಬ್ರೇಕ್ ಕೊನೆಯ ಸಲ ಬಿಚ್ಚಿದ್ದು ಯಾವಾಗ ಎಂದು ಕೇಳುವ ಮೆಕ್ಯಾನಿಕ್ಕಿಗೆ ಗಾಡಿ ಒಪ್ಪಿಸಬಹುದು. ಬಾಗಿಲಲ್ಲೇ ಎಷ್ಟು ಇಂಚು ಎತ್ತರಿಸೋಣ ಎಂದು ಶುರು ಮಾಡುವವನಿಗೆ ದೂರದಿಂದಲೇ ಕೈಮುಗಿಯುವುದು ಲೇಸು.